ಟೊಮೆಟೊಗೆ ಎರಡು ಸಲ ಬೆಂಕಿ: ಮೆಕ್ಸಿಕೋದ ಕೆಂಪು ಸಾಲ್ಸಾ ಮನೆಯಲ್ಲಿ ಮಾಡುವ ಬಗೆ

ಸಾಲ್ಸಾ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹಸಿ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ನಿಂಬೆರಸ ಹಿಂಡಿದ ಕೋಸಂಬರಿಯಂಥ ತಿನಿಸು. ಮೆಕ್ಸಿಕೋದಲ್ಲಿ ಅದನ್ನು ಪೀಕೋ ದೆ ಗಾಯೋ ಅನ್ನುತ್ತಾರೆ. ಆದರೆ ಅಲ್ಲಿನ ಮನೆಗಳಲ್ಲಿ ಬೆಳಗಿನ ಮೊಟ್ಟೆಯ ಮೇಲೆ ಸುರಿಯುವುದು, ನಿನ್ನೆಯ ತೋರ್ತಿಯಾ (ಮೆಕ್ಕೆಜೋಳದ ತೆಳು ರೊಟ್ಟಿ) ಚೂರುಗಳನ್ನು ಹಾಕಿ ಮೆತ್ತಗಾಗಿಸುವುದು, ಮಾಂಸ ಬೇಯಿಸಲು ಬಳಸುವುದು ಇನ್ನೊಂದು ಬಗೆಯ ಸಾಲ್ಸಾವನ್ನು. ಟೊಮೆಟೊ ಮತ್ತು ಮೆಣಸಿನಕಾಯಿಯನ್ನು ಸುಟ್ಟೋ ಬೇಯಿಸಿಯೋ ಅರೆದು, ಅರೆದದ್ದನ್ನು ಕಾದ ಎಣ್ಣೆಗೆ ಸುರಿದು ಮತ್ತೆ ಕುದಿಸಿದ ಕೆಂಪು ಸಾಲ್ಸಾ ಅದು.

ಸಾಮಾನಿನ ಪಟ್ಟಿ ನೋಡಿದರೆ ನಮ್ಮ ಟೊಮೆಟೊ ಗೊಜ್ಜಿಗೂ ಇದಕ್ಕೂ ದೊಡ್ಡ ಅಂತರ ಕಾಣುವುದಿಲ್ಲ. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಎಣ್ಣೆ, ಉಪ್ಪು. ಅದಕ್ಕೇ ಕನ್ನಡದ ಅಡುಗೆಮನೆಯಲ್ಲಿ ಸಾಲ್ಸಾ ಮಾಡಲು ಹೊರಟರೆ ಕೈ ತಾನಾಗಿ ಸಾಸಿವೆ ಡಬ್ಬಿಯ ಕಡೆ ಹೋಗುತ್ತದೆ, ಕೊನೆಗೆ ಬಟ್ಟಲಲ್ಲಿ ಉಳಿಯುವುದು ಗೊಜ್ಜೇ. ಒಳ್ಳೆಯ ಗೊಜ್ಜು ಒಳ್ಳೆಯದೇ, ಆದರೆ ಸಾಲ್ಸಾ ಬೇಕಿದ್ದಾಗ ಸಾಲ್ಸಾವೇ ಆಗಬೇಕಲ್ಲ. ಅದರ ಗುಟ್ಟಿರುವುದು ಯಾವ ಹೊತ್ತಿಗೆ ಯಾವುದಕ್ಕೆ ಎಂಥ ಬಿಸಿ ತಾಗಬೇಕು ಎಂಬುದರಲ್ಲಿ. ಮೊದಲು ಒಣ ಹೆಂಚಿನ ಬಿಸಿ, ಆಮೇಲೆ ಕಾದ ಎಣ್ಣೆಯ ಬಿಸಿ. ಈ ಎರಡು ಬಿಸಿಗಳು ಟೊಮೆಟೊದೊಳಗೆ ಏನು ಮಾಡುತ್ತವೆ ಎಂದು ತಿಳಿದರೆ ಅಳತೆಯ ಚೀಟಿ ಇಲ್ಲದೆಯೂ ಕೈ ಕೂಡಿಬರುತ್ತದೆ.

ಈ ಎರಡು ಬಿಸಿಗಳಿಗೂ ಎರಡು ಬೇರೆ ಕಾಲದ ಚರಿತ್ರೆ ಇದೆ. ಟೊಮೆಟೊದ ಕಾಡು ಪೂರ್ವಜರು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯವು. ಅದು ಪಳಗಿದ ಬೆಳೆಯಾಗಿ ರೂಪುಗೊಂಡದ್ದು ಮೆಕ್ಸಿಕೋದಲ್ಲಿ. ನಾವು ದಿನವೂ ಬಳಸುವ ಮೆಣಸಿನಕಾಯಿಯ ತವರೂ ಅದೇ. 16ನೇ ಶತಮಾನದಲ್ಲಿ ಮೆಕ್ಸಿಕೋದ ಮೂಲನಿವಾಸಿಗಳಾದ ಅಸ್ತೆಕರ ಬದುಕನ್ನು ವಿವರವಾಗಿ ಬರೆದಿಟ್ಟ ಸ್ಪೇನಿನ ಪಾದ್ರಿ ಬರ್ನಾರ್ದಿನೋ ದೆ ಸಹಾಗುನ್, ಸಂತೆಯಲ್ಲಿ ಮೆಣಸಿನಕಾಯಿ, ಟೊಮೆಟೊ, ಕುಂಬಳದ ಬೀಜ ಹಾಕಿ ಮಾಡಿದ ಖಾರದ ಸಾಲ್ಸಾಗಳನ್ನು ಮಾರುವವರ ಬಗ್ಗೆಯೂ ದಾಖಲಿಸಿದ್ದಾರೆ. ಕೋಮಾಲ್ ಎಂಬ ಮಣ್ಣಿನ ಹೆಂಚು, ಮೋಲ್ಕಹೇತೆ ಎಂಬ ಮೂರು ಕಾಲಿನ ಕಪ್ಪು ಕಲ್ಲಿನ ಒರಳು, ಇವೆರಡೂ ಆ ಕಾಲದಿಂದ ಇಂದಿನವರೆಗೆ ಬಳಕೆಯಲ್ಲಿವೆ. ಆದರೆ ಕೊಬ್ಬಿನಲ್ಲಿ ಹುರಿಯುವ ಕ್ರಮ ಅಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. 1521ರಲ್ಲಿ ಅಸ್ತೆಕರ ರಾಜಧಾನಿ ತೆನೋಚ್ತಿತ್ಲಾನ್ ಸ್ಪೇನಿಗರ ವಶವಾದ ಮೇಲೆ ಹಂದಿ, ಹಂದಿಯ ಕೊಬ್ಬು, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ನಿಂಬೆ ಎಲ್ಲ ಹಡಗೇರಿ ಅಲ್ಲಿಗೆ ಬಂದವು. ಹಾಗಾಗಿ ಸುಡುವ ಹೆಜ್ಜೆ ಮೂಲನಿವಾಸಿಗಳದ್ದು, ಎಣ್ಣೆಗೆ ಸುರಿಯುವ ಹೆಜ್ಜೆ ಆಮೇಲಿನದು. ಅದೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಟೊಮೆಟೊ ನಮ್ಮ ಸಾರಿಗೆ ಇಳಿದದ್ದು ಬಹಳ ತಡವಾಗಿ. ಇಂದು ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ್ದೂ ಒಂದು.

ಯಾವ ಟೊಮೆಟೊ

ಮೆಕ್ಸಿಕೋದಲ್ಲಿ ಇದಕ್ಕೆ ಬಳಸುವುದು ಉದ್ದುದ್ದನೆಯ, ತಿರುಳು ದಪ್ಪ ಇರುವ, ರಸ ಕಡಿಮೆ ಇರುವ ಸಾಲಾದೆತ್ ಎಂಬ ಬಗೆಯನ್ನು. ಹೊರದೇಶಗಳಲ್ಲಿ ರೋಮಾ ಎಂದು ಮಾರುವುದೂ ಬಹುಮಟ್ಟಿಗೆ ಇದೇ ಬಗೆ. ನಮ್ಮ ಸಂತೆಯಲ್ಲಿ ಎರಡು ರಾಶಿ ಕಾಣುತ್ತವೆ. ಒಂದು ನಾಟಿ: ದುಂಡಗೆ, ತುಸು ಚಪ್ಪಟೆಯಾಗಿ, ತೆಳು ಸಿಪ್ಪೆಯ, ಬೀಜ ಮತ್ತು ಹುಳಿ ಹೆಚ್ಚಿರುವ ಹಣ್ಣು. ಇನ್ನೊಂದು ಹೈಬ್ರಿಡ್: ಮೊಟ್ಟೆಯಾಕಾರದ, ಗಟ್ಟಿ ಗೋಡೆಯ, ಲಾರಿಯಲ್ಲಿ ದೂರ ಹೋದರೂ ಕೆಡದ ಹಣ್ಣು. ಆಕಾರ ನೋಡಿ ಹೈಬ್ರಿಡ್ ಒಂದನ್ನೇ ತಂದರೆ ಗಟ್ಟಿತನವೇನೋ ಸಿಗುತ್ತದೆ, ರುಚಿ ಸಪ್ಪೆ. ನಾಟಿ ಒಂದನ್ನೇ ತಂದರೆ ರುಚಿ ಚುರುಕಾಗಿರುತ್ತದೆ, ಆದರೆ ನೀರು ಇಂಗಿಸುವಷ್ಟರಲ್ಲಿ ಹುಳಿ ಏರಿಬಿಡುತ್ತದೆ. ಮೂರು ಪಾಲು ಹೈಬ್ರಿಡ್‌ಗೆ ಒಂದು ಪಾಲು ನಾಟಿ ಸೇರಿಸುವುದು ನನ್ನ ಪ್ರಕಾರ ಸರಿಯಾದ ಹದ.

ಬಗೆಗಿಂತ ಮುಖ್ಯವಾದದ್ದು ಹಣ್ಣಿನ ಮಾಗು. ಸಾಗಣೆಗಾಗಿ ಟೊಮೆಟೊವನ್ನು ಬಣ್ಣ ತಿರುಗುವ ಹೊತ್ತಿಗೇ ಕೀಳುತ್ತಾರೆ. ಅಂಗಡಿಗೆ ಬರುವಷ್ಟರಲ್ಲಿ ಮೈ ಕೆಂಪಾಗಿದ್ದರೂ ಒಳಗಿನ ರುಚಿ ಇನ್ನೂ ಪೂರ್ತಿ ಕೂಡಿರುವುದಿಲ್ಲ. ತಂದದ್ದನ್ನು ಫ್ರಿಜ್ಜಿಗೆ ಹಾಕದೆ, ತೊಟ್ಟಿನ ಭಾಗ ಕೆಳಗೆ ಮಾಡಿ, ಒಂದರ ಮೇಲೊಂದು ಹೇರದೆ ಎರಡು ಮೂರು ದಿನ ಹೊರಗಿಡಿ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಟೊಮೆಟೊದ ಪರಿಮಳ ಕಟ್ಟುವ ಕಿಣ್ವಗಳು ಕುಗ್ಗುತ್ತವೆ. ಫ್ರಿಜ್ಜಿನೊಳಗೆ ಸಾಮಾನ್ಯವಾಗಿ ಇರುವುದು 4ರಿಂದ 5 ಡಿಗ್ರಿ. ಒತ್ತಿದರೆ ತುಸು ಒಳಹೋಗುವಂತಾದ, ಅಂಗಡಿಯವರು ಬೇಗ ಖಾಲಿಯಾಗಲಿ ಎಂದು ಬದಿಗಿಡುವ ಹಣ್ಣು ಸಾಲ್ಸಾಗೆ ಬಲು ಒಳ್ಳೆಯದು. ಕೊಳೆತ ಕಲೆ, ಬೂಷ್ಟು ಇರಬಾರದು, ಅಷ್ಟೇ.

ಬೀಜದ ಸುತ್ತಲಿನ ಲೋಳೆಯನ್ನು ಹಿಂಡಿ ಎಸೆಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಟೊಮೆಟೊದ ರುಚಿಗೆ ಆಳ ಕೊಡುವ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು. ಹಣ್ಣು ಮಾಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಲೋಳೆ ತೆಗೆದರೆ ನೀರು ಕಡಿಮೆಯಾಗುವುದು ನಿಜ, ಆದರೆ ನೀರನ್ನು ಬೆಂಕಿಯೇ ತೆಗೆಯುತ್ತದೆ. ಹೋದ ರುಚಿಯನ್ನು ಬೆಂಕಿ ತಂದುಕೊಡಲಾರದು.

ಮೊದಲ ಬಿಸಿ: ಕುದಿನೀರೋ, ಹೆಂಚೋ

ಅರೆಯುವ ಮುಂಚೆ ಟೊಮೆಟೊವನ್ನು ಬೇಯಿಸಲು ಎರಡು ದಾರಿ. ಇಡಿಯಾಗಿ ನೀರಲ್ಲಿ ಹಾಕಿ ಹತ್ತು ನಿಮಿಷ ಕುದಿಸುವುದು ಒಂದು. ಒಣ ಹೆಂಚಿನ ಮೇಲಿಟ್ಟು ಸಿಪ್ಪೆ ಅಲ್ಲಲ್ಲಿ ಕಪ್ಪಾಗುವವರೆಗೆ ಹೊರಳಿಸುತ್ತ ಸುಡುವುದು ಇನ್ನೊಂದು. ಮೆಕ್ಸಿಕೋದಲ್ಲಿ ಎರಡೂ ನಡೆಯುತ್ತವೆ, ಎರಡರ ರುಚಿಯೂ ಬೇರೆ.

ನೀರಿನ ಬಿಸಿಗೆ ಒಂದು ಮಿತಿ ಇದೆ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ. ಎತ್ತರದ ಊರುಗಳಲ್ಲಿ ಅಷ್ಟೂ ಇಲ್ಲ: ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿರುವ ಮೆಕ್ಸಿಕೋ ನಗರದಲ್ಲಿ ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಬೆಂಗಳೂರಿನಲ್ಲಿ ಸುಮಾರು 97ಕ್ಕೆ. ಈ ಬಿಸಿಗೆ ಟೊಮೆಟೊ ಮೆತ್ತಗಾಗುತ್ತದೆ, ಹಸಿತನ ಹೋಗುತ್ತದೆ, ಬಣ್ಣ ಹೊಳೆಯುತ್ತದೆ. ಆದರೆ ಹುರಿದ ರುಚಿ ಹುಟ್ಟುವುದಿಲ್ಲ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದುಬಣ್ಣವನ್ನೂ ಹೊಸ ಪರಿಮಳಗಳನ್ನೂ ಕಟ್ಟುವ ಮೈಲಾರ್ಡ್ ಕ್ರಿಯೆ ಚುರುಕಾಗಲು 140 ಡಿಗ್ರಿಯ ಸುತ್ತಿನ ಬಿಸಿ ಬೇಕು. ಮೈ ಒದ್ದೆ ಇರುವವರೆಗೆ ಯಾವ ಪದಾರ್ಥವೂ ಆ ಬಿಸಿ ಮುಟ್ಟದು. ಟೊಮೆಟೊ ತೂಕದಲ್ಲಿ ನೂರಕ್ಕೆ 94ರಿಂದ 95 ಭಾಗ ನೀರೇ. ಆದ್ದರಿಂದ ಹೆಂಚಿನ ಮೇಲೆ ಕಪ್ಪಾಗುವುದು ಹೆಂಚಿಗೆ ತಾಗಿದ ಸಿಪ್ಪೆ ಮತ್ತು ಅದರ ಕೆಳಗಿನ ತೆಳು ಪದರ ಮಾತ್ರ. ಒಳಗಿನದು ತನ್ನದೇ ರಸದಲ್ಲಿ ಬೇಯುತ್ತಿರುತ್ತದೆ. ಒಂದೇ ಹಣ್ಣಿನಲ್ಲಿ ಸುಟ್ಟ ರುಚಿಯೂ ಬೆಂದ ರುಚಿಯೂ ಜೊತೆಯಾಗುವುದು ಹೀಗೆ. ನನಗೆ ಹೆಂಚಿನ ದಾರಿಯೇ ಇಷ್ಟ. ಬೇಯಿಸಿದ್ದು ಸೌಮ್ಯ, ಮಕ್ಕಳಿಗೆ ಹಿಡಿಸುತ್ತದೆ. ಸುಟ್ಟದ್ದರಲ್ಲಿ ಹೊಗೆಯ ಎಳೆಯೂ ಸೇರಿ ರುಚಿ ತುಂಬಿಕೊಳ್ಳುತ್ತದೆ.

ಬದನೆಕಾಯಿ ಸುಡುವಂತೆ ನೇರ ಉರಿಗೆ ಹಿಡಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಸಿಪ್ಪೆ ಬೇಗ ಕರಕಲಾಗಿ ಒಳಗು ಹಸಿಯಾಗಿಯೇ ಉಳಿಯುತ್ತದೆ. ದಪ್ಪ ಕಬ್ಬಿಣದ ದೋಸೆ ಹೆಂಚು, ಮಧ್ಯಮಕ್ಕಿಂತ ತುಸು ಹೆಚ್ಚು ಉರಿ, ಎಣ್ಣೆ ಇಲ್ಲ, ಹನ್ನೆರಡರಿಂದ ಹದಿನೈದು ನಿಮಿಷ. ನಾಲ್ಕೈದು ಕಡೆ ಕಪ್ಪು ಮಚ್ಚೆ ಬಿದ್ದು, ಹಣ್ಣು ಕುಸಿದು, ಪಕ್ಕದಿಂದ ರಸ ಜಿನುಗತೊಡಗಿದರೆ ಸಾಕು. ರಸ ಹೆಂಚಿಗೆ ಅಂಟಿ ಸೀಯುವುದು ಬೇಡವೆಂದರೆ ಅಲ್ಯೂಮಿನಿಯಂ ಹಾಳೆ ಹಾಸಿಕೊಳ್ಳಬಹುದು. ಹೊಸ ಹೆಂಚಾಗಿದ್ದರೆ ಇದು ಮೇಲು, ಯಾಕೆಂದರೆ ಟೊಮೆಟೊದ ಹುಳಿ ಹೆಂಚಿನ ಪಳಗಿದ ಪದರವನ್ನು ಕಿತ್ತುಹಾಕುತ್ತದೆ. ನಾನ್‌ಸ್ಟಿಕ್ ತವಾವನ್ನು ಹೀಗೆ ಒಣದಾಗಿ ಜೋರಾಗಿ ಕಾಯಿಸಬಾರದು. ಗ್ಯಾಸ್ ಇಲ್ಲದ ಮನೆಗಳಲ್ಲಿ, ಅಂದರೆ ವಿದೇಶದಲ್ಲಿರುವ ಅನೇಕ ಕನ್ನಡಿಗರ ಮನೆಗಳಲ್ಲಿ, ಓವನ್‌ನ ಮೇಲಿನ ಕಾವನ್ನು 220ರಿಂದ 230 ಡಿಗ್ರಿಗಿಟ್ಟು, ಟ್ರೇಯನ್ನು ಮೇಲಿನ ಅಂತಸ್ತಿನಲ್ಲಿರಿಸಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಬಿಟ್ಟರೆ ಹೆಚ್ಚುಕಡಿಮೆ ಅದೇ ಫಲ. ಟ್ರೇಯಲ್ಲಿ ನಿಂತ ರಸವನ್ನು ಮಾತ್ರ ಚೆಲ್ಲಬಾರದು.

ಟೊಮೆಟೊವನ್ನು ಇಡಿಯಾಗಿಯೇ ಬೇಯಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಟೊಮೆಟೊ ಸಾಲ್ಸಾ ತಟ್ಟೆಯಲ್ಲಿ ಹರಡಿದಾಗ ಸುತ್ತ ತಿಳಿನೀರು ಬಿಟ್ಟುಕೊಳ್ಳುವುದನ್ನು ನೋಡಿರುತ್ತೀರಿ. ಜೀವಕೋಶಗಳ ಗೋಡೆಗಳನ್ನು ಹಿಡಿದಿಡುವುದು ಪೆಕ್ಟಿನ್. ಹಸಿ ಟೊಮೆಟೊವನ್ನು ಹೆಚ್ಚಿದ ಅಥವಾ ಅರೆದ ಕ್ಷಣದಿಂದ ಹಣ್ಣಿನೊಳಗಿನ ಕಿಣ್ವಗಳು ಹೊರಬಂದು ಆ ಪೆಕ್ಟಿನ್ ಅನ್ನು ತುಂಡರಿಸಲು ಶುರುಮಾಡುತ್ತವೆ. ಪೆಕ್ಟಿನ್ ಒಡೆದ ಮೇಲೆ ನೀರನ್ನು ಹಿಡಿಯುವ ಶಕ್ತಿ ಹೋಯಿತು. 85ರಿಂದ 90 ಡಿಗ್ರಿಗೆ ಬೇಗನೆ ಏರಿಸಿದರೆ ಈ ಕಿಣ್ವಗಳು ಕೆಲಸ ಮಾಡುವ ಮುಂಚೆಯೇ ಸಾಯುತ್ತವೆ. ಟೊಮೆಟೊ ಸಾಸ್ ಕಾರ್ಖಾನೆಗಳು ಗಟ್ಟಿ ಪೇಸ್ಟ್ ಬೇಕಾದಾಗ ಹಣ್ಣನ್ನು ಜಜ್ಜಿದೊಡನೆ ಜೋರಾಗಿ ಬಿಸಿಮಾಡುತ್ತವೆ. ತಾಜಾ ಬಣ್ಣ, ತಾಜಾ ವಾಸನೆ ಮುಖ್ಯವಾಗಿ ಗಟ್ಟಿತನ ಅಷ್ಟು ಬೇಡವಾದಾಗ 65 ಡಿಗ್ರಿಯ ಸುತ್ತಲೇ ನಿಲ್ಲಿಸುತ್ತವೆ. ಮನೆಗೆ ಇದರ ಪಾಠ ಸರಳ: ಮೊದಲು ಅರೆದು ಆಮೇಲೆ ಮೆಲ್ಲಗೆ ಬಿಸಿಮಾಡುವುದಕ್ಕಿಂತ, ಇಡಿಯಾಗಿ ಬೇಯಿಸಿ ಆಮೇಲೆ ಅರೆದ ಸಾಲ್ಸಾ ಹೆಚ್ಚು ಗಟ್ಟಿ, ನೀರು ಬಿಡುವುದೂ ಕಡಿಮೆ. ಜೋಳದ ಹಿಟ್ಟು, ಕಾರ್ನ್‌ಫ್ಲೋರ್ ಯಾವುದನ್ನೂ ಬೆರೆಸಬೇಕಾಗಿಲ್ಲ.

ಬಿಸಿಯಿಂದ ಕಳೆದುಕೊಳ್ಳುವುದೂ ಇದೆ. ಹಸಿ ಟೊಮೆಟೊ ಕತ್ತರಿಸಿದಾಗ ಮೂಗಿಗೆ ಬರುವ ಹಸಿರು ಹುಲ್ಲಿನಂಥ ವಾಸನೆ ಬಿಸಿಗೆ ಹಾರಿಹೋಗುತ್ತದೆ. ವಿಟಮಿನ್ ಸಿ ಕಡಿಮೆಯಾಗುತ್ತದೆ. ಕೆಂಪು ಬಣ್ಣದ ಲೈಕೋಪೀನ್ ಮಾತ್ರ ಬೆಂದಾಗ ಕೋಶಗಳಿಂದ ಬಿಡುಗಡೆಯಾಗಿ, ಎಣ್ಣೆಯ ಜೊತೆ ಸೇರಿ, ದೇಹಕ್ಕೆ ಸುಲಭವಾಗಿ ಸಿಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ

ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಹುಣಸೆರಸ ಹಾಕಿದ ಮೇಲೆ ಬೇಳೆ, ತರಕಾರಿ ಬೇಯುವುದಿಲ್ಲವೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಟೊಮೆಟೊ ರಸಕ್ಕೆ ಹಸಿ ಈರುಳ್ಳಿ ಹಾಕಿ ಎಷ್ಟು ಕುದಿಸಿದರೂ ಕಚ್ಚಿದಾಗ ಕರುಂ ಅನ್ನುವುದು ಇದರಿಂದಲೇ. ಹಾಗಾಗಿ ಈರುಳ್ಳಿಯನ್ನೂ ದಪ್ಪ ಬಿಲ್ಲೆಗಳಾಗಿ ಕೊಯ್ದು ಟೊಮೆಟೊದ ಪಕ್ಕದಲ್ಲೇ ಹೆಂಚಿನ ಮೇಲಿಡಿ. ಅಂಚು ಕಂದಾಗಿ, ನಡುವೆ ಮೆತ್ತಗಾಗಲಿ. ಸಾಲ್ಸಾದ ಹುಳಿಗೆ ಎದುರಾಗಿ ನಿಲ್ಲುವ ಸಿಹಿ ಇಲ್ಲಿಂದಲೇ ಬರುತ್ತದೆ, ಸಕ್ಕರೆ ಬೇಕಾಗುವುದಿಲ್ಲ.

ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಸುಡಬೇಕು. ಎಸಳನ್ನು ಜಜ್ಜಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಘಾಟಿನ ಅಲಿಸಿನ್ ಹುಟ್ಟುತ್ತದೆ. ಜಜ್ಜುವ ಮುಂಚೆಯೇ ಇಡಿಯಾಗಿ ಬಿಸಿ ತಾಗಿಸಿದರೆ ಆ ಕಿಣ್ವ ನಿಂತುಹೋಗುತ್ತದೆ, ಎಸಳು ಬೆಣ್ಣೆಯ ಹದಕ್ಕೆ ಬಂದು ಸಿಹಿಯಾಗುತ್ತದೆ. ಚುರುಕು ಬೇಕೆನ್ನುವವರು ಒಂದು ಹಸಿ ಎಸಳನ್ನು ಅರೆಯುವಾಗ ಸೇರಿಸಿಕೊಳ್ಳಲಿ.

ಖಾರದ ಲೆಕ್ಕ

ಮೆಕ್ಸಿಕೋದ ಅಡುಗೆಯವರು ಮೆಣಸಿನಕಾಯಿಯನ್ನು ಖಾರಕ್ಕೆ ಎಷ್ಟೋ ರುಚಿಗೂ ಅಷ್ಟೇ ಆರಿಸುತ್ತಾರೆ. ಹಸಿಯಲ್ಲಿ ಹಲಾಪೇನ್ಯೋ, ಸೆರ್ರಾನೋ. ಒಣಗಿದ್ದರಲ್ಲಿ ಗ್ವಾಹೀಯೋ, ಆಂಚೋ, ಕಡ್ಡಿಯಂತೆ ತೆಳ್ಳಗಿರುವ ದೆ ಆರ್ಬೋಲ್, ಹೊಗೆಯಲ್ಲಿ ಒಣಗಿಸಿದ ಚಿಪೋತ್ಲೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ರೂಪಿಸಿದ ಖಾರದ ಅಳತೆಯಲ್ಲಿ ಹಲಾಪೇನ್ಯೋ ಸಾಮಾನ್ಯವಾಗಿ 2,500ರಿಂದ 8,000, ಸೆರ್ರಾನೋ 10,000ದಿಂದ 23,000. ನಮ್ಮ ಸಂತೆಯ ಸಣ್ಣ ಹಸಿಮೆಣಸಿನಕಾಯಿ ಹಲಾಪೇನ್ಯೋಗಿಂತ ಬಹಳ ಖಾರ. ಆದ್ದರಿಂದ ಆರು ಹಲಾಪೇನ್ಯೋ ಎಂದು ಬರೆದಿರುವ ಕಡೆ ಆರು ಹಸಿಮೆಣಸಿನಕಾಯಿ ಹಾಕಬಾರದು, ಎರಡು ಮೂರರಿಂದ ಶುರುಮಾಡಬೇಕು. ಬಾಟಲಿಯಲ್ಲಿ ಸಿಗುವ ಹಲಾಪೇನ್ಯೋ ವಿನೆಗರ್‌ನಲ್ಲಿ ನೆನೆದದ್ದು, ಅದರ ರುಚಿಯೇ ಬೇರೆ, ಇದಕ್ಕೆ ಹೊಂದುವುದಿಲ್ಲ.

ಖಾರದ ಮೂಲವಾದ ಕ್ಯಾಪ್ಸೈಸಿನ್ ತಯಾರಾಗುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಪೊರೆಯಲ್ಲಿ. ಖಾರ ತಗ್ಗಿಸಬೇಕಿದ್ದರೆ ಆ ಪೊರೆಯನ್ನು ಕೆರೆದು ತೆಗೆಯಿರಿ. ನಾಲಿಗೆಯ ಮೇಲೆ ಇದು ಬಿಸಿಯನ್ನು ಗುರುತಿಸುವ ನರಗ್ರಾಹಕವನ್ನೇ ತಟ್ಟುತ್ತದೆ, ಅದಕ್ಕೇ ಖಾರ ಉರಿಯಂತೆ ಅನಿಸುವುದು. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಕೈ ಉರಿಯುತ್ತಿದ್ದರೆ ಮೊದಲು ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿ ತೊಳೆಯಬೇಕು. ಕುದಿಸಿದರೆ ಖಾರ ಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಕುದಿದಷ್ಟೂ ಅದು ಎಲ್ಲೆಡೆ ಹರಡಿಕೊಳ್ಳುತ್ತದೆ.

ಹೆಂಚಿನ ಮೇಲೆ ಹಸಿಮೆಣಸಿನಕಾಯಿ ಇಡುವ ಮುಂಚೆ ಚಾಕುವಿನ ತುದಿಯಿಂದ ಸಣ್ಣಗೆ ಸೀಳಿಕೊಳ್ಳಿ, ಇಲ್ಲದಿದ್ದರೆ ಒಳಗಿನ ಆವಿಗೆ ಸಿಡಿಯುತ್ತದೆ. ಒಣಮೆಣಸಿನಕಾಯಿಯ ಸಾಲ್ಸಾ ಬೇಕಿದ್ದರೆ ನಮ್ಮಲ್ಲೇ ಒಂದು ಅದೃಷ್ಟವಿದೆ. ಗ್ವಾಹೀಯೋ ಕೊಡುವಂಥ ಗಾಢ ಕೆಂಪು ಮತ್ತು ಹಿತವಾದ ಖಾರ ಎರಡನ್ನೂ ಹಾವೇರಿ ಜಿಲ್ಲೆಯ ಬ್ಯಾಡಗಿ ಕೊಡುತ್ತದೆ. ಬಣ್ಣಕ್ಕೆಂದೇ ಹೆಸರಾಗಿ ಭೌಗೋಳಿಕ ಸೂಚಿ ಪಡೆದ ಮೆಣಸಿನಕಾಯಿ ಅದು. ಬ್ಯಾಡಗಿಯ ಸಿಪ್ಪೆ ತೆಳು, ಬೇಗ ಸೀಯುತ್ತದೆ. ಬೀಜ ಉದುರಿಸಿ, ಹದ ಬಿಸಿಯ ಹೆಂಚಿನ ಮೇಲೆ ಕೆಲವೇ ಸೆಕೆಂಡು ಒತ್ತಿ, ಪರಿಮಳ ಬಂದೊಡನೆ ತೆಗೆದು, ಬಿಸಿನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ನೆನೆಹಾಕಿ ಅರೆಯಬೇಕು. ಕಪ್ಪಾದರೆ ಇಡೀ ಸಾಲ್ಸಾ ಕಹಿ, ಅದನ್ನು ಯಾವುದರಿಂದಲೂ ಸರಿಪಡಿಸಲಾಗದು. ಟೊಮೆಟೊದ ಕಪ್ಪು ರುಚಿ ಕೊಡುತ್ತದೆ, ಒಣಮೆಣಸಿನಕಾಯಿಯ ಕಪ್ಪು ಕೆಡಿಸುತ್ತದೆ. ಇದೊಂದು ನೆನಪಿರಲಿ.

ಎರಡನೆಯ ಬಿಸಿ: ಎಣ್ಣೆ

ಇಲ್ಲಿಗೆ ಬಂದಾಗಲೇ ನಮ್ಮ ಅಡುಗೆಯ ಕೈಗೆ ಹೊಸದೊಂದು ಕಲಿಕೆ. ನಾವು ಒಗ್ಗರಣೆಯಲ್ಲಿ ಕಾದ ಎಣ್ಣೆಗೆ ಸಾಸಿವೆ, ಮೆಣಸಿನಕಾಯಿ, ಕರಿಬೇವು ಹಾಕಿ ಅವುಗಳ ಪರಿಮಳವನ್ನು ಎಣ್ಣೆಗಿಳಿಸಿ, ಆ ಎಣ್ಣೆಯನ್ನು ಅಡುಗೆಗೆ ಬೆರೆಸುತ್ತೇವೆ. ಮೆಕ್ಸಿಕೋದವರು ಕಾದ ಎಣ್ಣೆಗೆ ಅಡುಗೆಯನ್ನೇ, ಅಂದರೆ ಅರೆದ ಸಾಲ್ಸಾವನ್ನೇ, ಒಮ್ಮೆಲೇ ಸುರಿಯುತ್ತಾರೆ. ಚುಂಯ್ ಎಂದು ಜೋರು ಸದ್ದಾಗಬೇಕು. ಸದ್ದಾಗದಿದ್ದರೆ ಎಣ್ಣೆ ಕಾದಿಲ್ಲವೆಂದೇ ಅರ್ಥ, ಆಗ ಅದು ಹುರಿಯುವುದರ ಬದಲು ಬರೀ ಬೆಚ್ಚಗಾಗುತ್ತದೆ.

ಆ ಚುಂಯ್‌ನಲ್ಲಿ ನಡೆಯುವುದು ಹಲವು. ಬಾಣಲೆಯ ತಳಕ್ಕೆ ತಾಗಿದ ತೆಳು ಪದರದ ನೀರು ಒಡನೆ ಆವಿಯಾಗಿ, ಆ ಪದರಕ್ಕೆ 100 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗುತ್ತದೆ. ಸೌಟಿನಿಂದ ಕದಡಿದಾಗ ಆ ಪದರ ಮೇಲೆ ಬಂದು ಹೊಸ ಪದರ ಕೆಳಗಿಳಿಯುತ್ತದೆ. ಹೀಗೆ ಸ್ವಲ್ಪ ಸ್ವಲ್ಪವಾಗಿ ಇಡೀ ಸಾಲ್ಸಾಗೆ ಹುರಿದ ರುಚಿ ಸೇರುತ್ತದೆ. ಲೈಕೋಪೀನ್, ಮೆಣಸಿನಕಾಯಿಯ ಕೆಂಪು, ಕ್ಯಾಪ್ಸೈಸಿನ್ ಮೂರೂ ಎಣ್ಣೆಗೆ ಇಳಿಯುವುದರಿಂದ ಬಣ್ಣವೂ ಖಾರವೂ ಸಮನಾಗಿ ಹರಡುತ್ತವೆ. ಮಿಕ್ಸಿಯಲ್ಲಿ ತಿರುಗಿಸಿದಾಗ ಗಾಳಿಗುಳ್ಳೆ ಸೇರಿ ನಸುಗುಲಾಬಿಯಾಗಿ ಪೇಲವಗೊಂಡ ಮಿಶ್ರಣ ಕಣ್ಣೆದುರೇ ಮತ್ತೆ ಗಾಢ ಕೆಂಪಾಗುತ್ತದೆ. ಅಳಿದುಳಿದ ಹಸಿವಾಸನೆಯೂ ಹೋಗುತ್ತದೆ.

ಎಲ್ಲಿ ನಿಲ್ಲಿಸಬೇಕು? ಗೊಜ್ಜು, ತೊಕ್ಕು ಮಾಡುವಾಗ ನಾವು ಎಣ್ಣೆ ಬಿಡುವವರೆಗೆ ಬಾಡಿಸುತ್ತೇವೆ. ಎಣ್ಣೆ ಬಿಟ್ಟಿತೆಂದರೆ ನೀರಿನಂಶ ಬಹಳ ಇಂಗಿದೆ, ಎಣ್ಣೆಯನ್ನು ಹಿಡಿದಿಟ್ಟಿದ್ದ ಮಿಶ್ರಣ ಒಡೆದಿದೆ ಎಂದು. ಸಾಲ್ಸಾವನ್ನು ಅದಕ್ಕೆ ಮುಂಚೆಯೇ ಇಳಿಸಬೇಕು. ಸೌಟನ್ನು ತಳದ ಮೇಲೆ ಎಳೆದಾಗ ದಾರಿ ಕಂಡು ಒಂದೆರಡು ಕ್ಷಣದಲ್ಲಿ ಮುಚ್ಚಿಕೊಂಡರೆ ಅದೇ ಹದ. ಸಾಲ್ಸಾ ಸುರಿಯುವಂತಿರಬೇಕು, ಮೆತ್ತುವಂತಿರಬಾರದು. ಸಾಲ್ಸಾ ಗೊಜ್ಜಾಗುವುದು ಇಲ್ಲೇ, ಈ ಕೊನೆಯ ಐದು ನಿಮಿಷಗಳಲ್ಲಿ.

ಈಗ ಅಳತೆ. ಒಂದು ಕಿಲೋ ಟೊಮೆಟೊಗೆ ಒಂದು ದೊಡ್ಡ ಈರುಳ್ಳಿ, ನಮ್ಮ ಸಣ್ಣ ಬೆಳ್ಳುಳ್ಳಿಯಾದರೆ ಎಂಟು ಎಸಳು, ಮೂರು ಹಸಿಮೆಣಸಿನಕಾಯಿ, ಎರಡು ದೊಡ್ಡ ಚಮಚ ಎಣ್ಣೆ, ಒಂದೂವರೆ ಸಣ್ಣ ಚಮಚ ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಮೊದಲ ನಾಲ್ಕನ್ನೂ ಹೆಂಚಿನ ಮೇಲೆ ಸುಟ್ಟುಕೊಳ್ಳಿ. ಮೆಣಸಿನಕಾಯಿ, ಬೆಳ್ಳುಳ್ಳಿ ಬೇಗ ಆಗುತ್ತವೆ, ಮೊದಲು ತೆಗೆಯಿರಿ. ಟೊಮೆಟೊವನ್ನು ಪಾತ್ರೆಗೆ ಹಾಕಿ ಮುಚ್ಚಿ ಆರಲು ಬಿಡಿ. ಬಿಸಿಯಾಗಿರುವಾಗಲೇ ಮಿಕ್ಸಿ ಜಾರ್‌ಗೆ ಹಾಕಿ ಮುಚ್ಚಿ ತಿರುಗಿಸಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಪೂರ್ತಿ ಕರಕಲಾದ ಸಿಪ್ಪೆ ತೆಗೆದು, ಅಲ್ಲಲ್ಲಿ ಕಪ್ಪಾದದ್ದನ್ನು ಹಾಗೇ ಬಿಡಿ. ಮೆಣಸಿನಕಾಯಿ, ಸಿಪ್ಪೆ ಬಿಡಿಸಿದ ಬೆಳ್ಳುಳ್ಳಿ, ಉಪ್ಪನ್ನು ಮೊದಲು ನುಣ್ಣಗೆ ಅರೆದು, ಆಮೇಲೆ ಈರುಳ್ಳಿ, ಕೊನೆಗೆ ಟೊಮೆಟೊ ಸೇರಿಸಿ ನಿಲ್ಲಿಸಿ ನಿಲ್ಲಿಸಿ ಎರಡು ಮೂರು ಸುತ್ತು ಮಾತ್ರ. ತರಿತರಿಯಾಗಿರಲಿ. ಒರಳುಕಲ್ಲು ಇರುವ ಮನೆಯವರು ಅದನ್ನೇ ಬಳಸಲಿ. ಕಲ್ಲು ಕತ್ತರಿಸುವುದಿಲ್ಲ, ಜಜ್ಜುತ್ತದೆ, ರಸ ಮತ್ತು ತಿರುಳು ಬೇರೆಯೇ ರೀತಿಯಲ್ಲಿ ಕೂಡುತ್ತವೆ.

ಅಗಲವಾದ, ತಳ ದಪ್ಪ ಇರುವ ಸ್ಟೀಲ್ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಲಿ. ಕಬ್ಬಿಣದ ಬಾಣಲೆಯಲ್ಲಿ ಹುಳಿಯನ್ನು ಬಹಳ ಹೊತ್ತು ಕುದಿಸಿದರೆ ಲೋಹದ ರುಚಿ ಹತ್ತುತ್ತದೆ. ಅರೆದದ್ದನ್ನು ಒಮ್ಮೆಲೇ ಸುರಿದು, ಸಿಡಿಯುವುದರಿಂದ ಒಂದು ನಿಮಿಷ ಮುಚ್ಚಳ ಓರೆಯಾಗಿ ಹಿಡಿದು, ಆಮೇಲೆ ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಕದಡುತ್ತಿರಿ. ಇಳಿಸಿದ ಮೇಲೆ ಕೊತ್ತಂಬರಿ. ಸುಮಾರು ಮುಕ್ಕಾಲು ಲೀಟರಿನಷ್ಟು ಸಾಲ್ಸಾ ಆಗುತ್ತದೆ. ನಿಂಬೆರಸ ಬೇಕೆನಿಸಿದರೆ ಬಡಿಸುವಾಗ. ಕುದಿಯುವಾಗ ಹಾಕಿದರೆ ಅದರ ಪರಿಮಳವೆಲ್ಲ ಆವಿಯಾಗಿ ಹುಳಿ ಮಾತ್ರ ಉಳಿಯುತ್ತದೆ. ಜೀರಿಗೆಯನ್ನು ಟೆಕ್ಸಸ್ ಕಡೆಯ ಅಡುಗೆಯಲ್ಲಿ ಧಾರಾಳವಾಗಿ ಹಾಕುತ್ತಾರೆ. ನಾನು ಹಾಕುವುದಿಲ್ಲ, ಟೊಮೆಟೊದ ರುಚಿಯ ಮೇಲೆ ಅದು ಕೂತುಬಿಡುತ್ತದೆ. ಸಾಸಿವೆ, ಇಂಗು, ಕರಿಬೇವಿಗೆ ಇಲ್ಲಿ ಜಾಗವಿಲ್ಲ.

ಕೂಡಿಡುವುದು

ಇದನ್ನು ಎಚ್ಚರದಿಂದ ಓದಿ. ಟೊಮೆಟೊ ತೊಕ್ಕು ತಿಂಗಳುಗಟ್ಟಲೆ ಉಳಿಯುತ್ತದಲ್ಲ, ಸಾಲ್ಸಾ ಯಾಕೆ ಉಳಿಯಬಾರದು ಎಂಬ ಯೋಚನೆ ನಮ್ಮವರಿಗೆ ಸಹಜ. ತೊಕ್ಕಿನಲ್ಲಿ ನೀರು ಇಂಗಿರುತ್ತದೆ, ಉಪ್ಪು ಹೆಚ್ಚಿರುತ್ತದೆ, ಹುಣಸೆಯ ಹುಳಿ ಇರುತ್ತದೆ. ಸಾಲ್ಸಾದಲ್ಲಿ ಈ ಮೂರೂ ಇಲ್ಲ. ಮೇಲೆ ಒಂದು ಬೆರಳು ಎಣ್ಣೆ ನಿಲ್ಲಿಸಿದರೆ ಆಯಿತೆಂದುಕೊಂಡರೆ ಅದು ಇನ್ನೂ ಅಪಾಯ, ಯಾಕೆಂದರೆ ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಕ್ಲೊಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆಯುವುದೇ ಗಾಳಿ ತಾಗದ ಕಡೆ. ಅದರ ಬೀಜಕಣಗಳು ಕುದಿನೀರಿಗೂ ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿಯ ಬಿಸಿ ಬೇಕು. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6 ಅಥವಾ ಅದಕ್ಕಿಂತ ಕೆಳಗಿರುವಲ್ಲಿ ಮಾತ್ರ ಅವು ಮೊಳೆಯಲಾರವು. ಟೊಮೆಟೊದ ಪಿಎಚ್ ಸಾಮಾನ್ಯವಾಗಿ 4.3ರಿಂದ 4.9ರವರೆಗೆ, ಅಂದರೆ ಸರಿಯಾಗಿ ಗಡಿಯ ಮೇಲೆ. ಅದಕ್ಕೆ ಹುಳಿ ಕಡಿಮೆ ಇರುವ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿದರೆ ಗಡಿ ದಾಟುವುದು ಸುಲಭ. ನೋಟ, ವಾಸನೆ, ರುಚಿ ಯಾವುದರಿಂದಲೂ ಈ ವಿಷ ಗೊತ್ತಾಗದೇ ಇರಬಹುದು.

ಅಮೆರಿಕದಲ್ಲಿ ಬಾಟಲಿಗಳಲ್ಲಿ ತುಂಬಿಡುವ ರೂಢಿ ಬಲವಾಗಿದೆ, ಅಲ್ಲಿರುವ ಕನ್ನಡಿಗರೂ ಹಿತ್ತಲಿನ ಟೊಮೆಟೊ ಒಮ್ಮೆಲೇ ಹಣ್ಣಾದಾಗ ಇದಕ್ಕೆ ಕೈಹಾಕುತ್ತಾರೆ. ಹಾಗೆ ಮಾಡುವುದಿದ್ದರೆ ಅಲ್ಲಿನ ಕೃಷಿ ಇಲಾಖೆಯಾದ ಯುಎಸ್‌ಡಿಎ ಅಥವಾ ಜಾರ್ಜಿಯಾ ವಿಶ್ವವಿದ್ಯಾಲಯದ ಮನೆ ಆಹಾರ ಸಂರಕ್ಷಣಾ ಕೇಂದ್ರ ಪರೀಕ್ಷಿಸಿ ಕೊಟ್ಟ ಪಾಕವನ್ನೇ ಹಿಡಿಯಬೇಕು, ಮೇಲಿನದನ್ನಲ್ಲ. ಆ ಪಾಕಗಳಲ್ಲಿ ಹೇಳಿದ ನಿಂಬೆರಸ ಅಥವಾ ವಿನೆಗರ್ ರುಚಿಗಾಗಿ ಹಾಕಿದ್ದಲ್ಲ, ಅದನ್ನು ಕಡಿಮೆ ಮಾಡುವಂತಿಲ್ಲ. ಈರುಳ್ಳಿ, ಮೆಣಸಿನಕಾಯಿಯನ್ನು ಹೆಚ್ಚಿಸುವಂತಿಲ್ಲ. ನಿಂಬೆಹಣ್ಣಿನ ಹುಳಿ ಹಣ್ಣಿಂದ ಹಣ್ಣಿಗೆ ಬದಲಾಗುವುದರಿಂದ ಬಾಟಲಿಯ ರಸವನ್ನೇ ಹೇಳುತ್ತಾರೆ. ಊರಿನ ಎತ್ತರಕ್ಕೆ ತಕ್ಕಂತೆ ಕುದಿಸುವ ಸಮಯ ಹೆಚ್ಚುತ್ತದೆ. ಬಿಸಿಬಿಸಿ ತುಂಬಿ ಬಾಟಲಿಯನ್ನು ತಲೆಕೆಳಗೆ ಇಟ್ಟರೆ ಮುಚ್ಚಳ ಬಿಗಿಯಾಗುತ್ತದೆ, ಆದರೆ ಬಿಗಿಯಾದದ್ದೆಲ್ಲ ಸುರಕ್ಷಿತವಲ್ಲ.

ನಮ್ಮ ಮನೆಗಳಿಗೆ ಸುಲಭದ ದಾರಿ ಬೇರೆ. ಅಗಲ ಪಾತ್ರೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ನಾಲ್ಕೈದು ದಿನದಲ್ಲಿ ಮುಗಿಸಿ. ಉಳಿದದ್ದನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿದರೆ ಎರಡು ಮೂರು ತಿಂಗಳು ರುಚಿ ಕೆಡದು. ಫ್ರೀಜರ್‌ಗೆ ಹೋಗುವ ಪಾಲಿಗೆ ಕೊತ್ತಂಬರಿ ಹಾಕಬೇಡಿ, ಕರಗಿದಾಗ ಕಪ್ಪಾಗುತ್ತದೆ. ಕೋಲಾರದ ಮಂಡಿಯಲ್ಲಿ ಬೆಲೆ ಬಿದ್ದು ರೈತರಿಗೆ ಕೊಯ್ಲಿನ ಕೂಲಿಯೂ ಹುಟ್ಟದ ವಾರಗಳು ಬರುತ್ತವೆ. 2023ರ ಜುಲೈನಂತೆ ಕಿಲೋಗೆ 100 ರೂಪಾಯಿ ದಾಟುವ ವಾರಗಳೂ ಬರುತ್ತವೆ. ಅಗ್ಗದ ವಾರದಲ್ಲಿ ಐದು ಕಿಲೋ ಹೆಚ್ಚಿಗೆ ಕೊಂಡು ಸುಟ್ಟು ಅರೆದು, ಎಣ್ಣೆಗೆ ಹಾಕುವ ಮುಂಚಿನ ಹಂತದಲ್ಲೇ ಫ್ರೀಜರ್‌ಗಿಡುವುದು ಇನ್ನೂ ಒಳ್ಳೆಯದು. ಬೇಕಾದಾಗ ಕರಗಿಸಿ ಕಾದ ಎಣ್ಣೆಗೆ ಸುರಿದರೆ ಅಂದೇ ಮಾಡಿದ ಸಾಲ್ಸಾ.

ಹೀಗೆ ಬಿಸಿಯಾದ ಸಾಲ್ಸಾವನ್ನು ಮೆಕ್ಸಿಕೋದಲ್ಲಿ ಹುರಿದ ತೋರ್ತಿಯಾ ಮೇಲಿನ ಮೊಟ್ಟೆಗೆ ಸುರಿದರೆ ವೇವೋಸ್ ರಾಂಚೇರೋಸ್. ಹುರಿದ ತೋರ್ತಿಯಾ ಚೂರುಗಳನ್ನೇ ಅದರಲ್ಲಿ ಮಗುಚಿ, ಮೇಲೆ ಚೀಸ್ ಉದುರಿಸಿದರೆ ಚಿಲಾಕೀಲೇಸ್. ಚೂರುಗಳು ಹೊರಗೆ ಮೆತ್ತಗಾಗಿ ಒಳಗೆ ಇನ್ನೂ ಗರಿಗರಿ ಇರುವಾಗಲೇ ತಿನ್ನಬೇಕು, ಹಾಗಾಗಿ ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆಯೇ ಅವನ್ನು ಬಾಣಲೆಗೆ ಹಾಕಿ.